ಗೇಣುದ್ದದ ಕಾರಿಗೆ ಬಣ್ಣ ಹೊಡೆಯುವ ಬಗೆ

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಡೆಂಟಿಂಗ್, ಪೇಂಟಿಂಗ್ ಕೆಲಸ. ಹಗಲು ದೊಡ್ಡ ಕಾರಿಗೆ ಬಣ್ಣ ಹೊಡೆಯುತ್ತೇನೆ, ರಾತ್ರಿ ಊಟ ಆದ ಮೇಲೆ ಸಣ್ಣ ಕಾರು ಕಟ್ಟುತ್ತೇನೆ. ಪ್ಲಾಸ್ಟಿಕ್ ಕಿಟ್ ತಂದು, ಒಂದೊಂದೇ ತುಂಡು ಕತ್ತರಿಸಿ, ಜೋಡಿಸಿ, ಬಣ್ಣ ಹಚ್ಚಿ ಮಾಡುವ ಸ್ಕೇಲ್ ಮಾಡೆಲ್ ಕಾರು. "ನಿಮಗೇನ್ರೀ, ಸ್ಕಾರ್ಪಿಯೋಕ್ಕ ಬಣ್ಣ ಹೊಡಿಯೋ ಕೈ, ಇದು ಏನ್ ಮಹಾ" ಎಂದು ಗಿರಾಕಿಗಳು ಅನ್ನುತ್ತಾರೆ. ಹಾಗಲ್ಲ. ದೊಡ್ಡ ಕಾರಿನ ಅಭ್ಯಾಸ ಇಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ, ಇನ್ನರ್ಧ ಅಡ್ಡ ಬರುತ್ತದೆ.

ಸ್ವಲ್ಪ ಲೆಕ್ಕ ಹಾಕಿ. ಮಾಡೆಲ್ ಕಾರುಗಳಲ್ಲಿ ಜಾಸ್ತಿ ಸಿಗುವ ಅಳತೆ 1/24. ನಿಜವಾದ ಕಾರಿನ 24 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಕಾರು ಸಣ್ಣದಾಯಿತು, ಆದರೆ ಡಬ್ಬಿಯೊಳಗಿನ ಬಣ್ಣ ಅದರ ಜೊತೆ ಸಣ್ಣದಾಗುವುದಿಲ್ಲವಲ್ಲ! ಕಂಪನಿಯಿಂದ ಬಂದ ಹೊಸ ಕಾರಿನ ಮೇಲೆ ಪ್ರೈಮರ್ (ಬಣ್ಣ ಹಿಡಿಯಲೆಂದು ಅಡಿಗೆ ಹೊಡೆಯುವ ಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪಿನ ಪದರ) ಎಲ್ಲ ಸೇರಿ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಷ್ಟೇ ದಪ್ಪದ ಬಣ್ಣ ಮಾಡೆಲ್ ಮೇಲೆ ಕೂತರೆ, ನಿಜವಾದ ಕಾರಿಗೆ ಸುಮಾರು ಎರಡೂವರೆ ಮಿಲಿಮೀಟರ್ ಬಣ್ಣ ಬಳಿದ ಲೆಕ್ಕ. ಬಾಗಿಲಿನ ಸಂದು ಮುಚ್ಚಿಹೋಗುತ್ತದೆ. ಬಾನೆಟ್ ಮೇಲಿನ ಗೆರೆ ಮಾಯವಾಗುತ್ತದೆ. ಇನ್ನು ಧೂಳಿನ ಮಾತು. ಗ್ಯಾರೇಜಿನಲ್ಲಿ ನಾವು ಲೆಕ್ಕಕ್ಕೇ ಇಡದ ಸಣ್ಣ ಕಣ ಇಲ್ಲಿ ಬಾನೆಟ್ ಮೇಲೆ ಎಳ್ಳಿನ ಕಾಳು ಅಂಟಿದ ಹಾಗೆ ಎದ್ದು ಕಾಣುತ್ತದೆ.

ಅದಕ್ಕೇ ನಾನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಬಣ್ಣವನ್ನು ತೆಳ್ಳಗೆ ಇಡುವ ಉಪಾಯಗಳೇ. ಜೋಡಿಸುವುದನ್ನು ಡಬ್ಬಿಯಲ್ಲಿರುವ ಚಿತ್ರದ ಹಾಳೆಯೇ ಕಲಿಸುತ್ತದೆ. ಬಣ್ಣವನ್ನು ಅದು ಕಲಿಸುವುದಿಲ್ಲ.

ಯಾವ ಕಿಟ್ ತರಬೇಕು

ನಮ್ಮೂರಿನ ಆಟಿಕೆ ಅಂಗಡಿಗಳಲ್ಲಿ ಡೈಕಾಸ್ಟ್ ಕಾರು ಬೇಕಾದಷ್ಟು ಸಿಗುತ್ತವೆ. ಅವು ಲೋಹದವು, ಬಣ್ಣ ಹೊಡೆದು ಜೋಡಿಸಿಯೇ ಬರುತ್ತವೆ. ನಾವು ಮಾತಾಡುತ್ತಿರುವ ಕಿಟ್ ಬೇರೆ. ಇದನ್ನು ಆನ್‌ಲೈನಿನಲ್ಲೇ ತರಿಸಬೇಕು. ಜಪಾನಿನ ತಮಿಯಾ, ಹಸೆಗಾವಾ, ಆವೋಶಿಮಾ, ಫುಜಿಮಿ, ಯುರೋಪಿನ ರೆವೆಲ್, ಇಟಲೇರಿ ಇವೆಲ್ಲ 1/24ರಲ್ಲಿ ಕಾರು ಮಾಡುತ್ತವೆ. ಅಮೆರಿಕದ ಹಳೆಯ ಕಿಟ್‌ಗಳು ಬಹಳಷ್ಟು 1/25. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಮೊದಲ ಸಲಕ್ಕೆ ನನ್ನ ಸಲಹೆ ತಮಿಯಾದ್ದೇ ಒಂದು ಕಿಟ್. ದುಡ್ಡು ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ತುಂಡಿಗೆ ತುಂಡು ಸರಿಯಾಗಿ ಕೂರುತ್ತದೆ. ಅಗ್ಗದ ಕಿಟ್ ತಂದು ಮೂರು ದಿನ ಬರೀ ಸಂದು ತುಂಬುತ್ತ ಕೂತರೆ ಹವ್ಯಾಸ ಅಲ್ಲಿಗೇ ಮುಗಿಯುತ್ತದೆ. ಎಂಜಿನ್ ಇಲ್ಲದ ಕಿಟ್ ಆರಿಸಿ. ಬಾನೆಟ್ ತೆರೆಯದಿದ್ದರೆ ಏನೂ ನಷ್ಟವಿಲ್ಲ. 1/20ರ ಫಾರ್ಮುಲಾ ಒನ್ ಕಾರು ಡಬ್ಬಿಯ ಮೇಲೆ ಎಷ್ಟೇ ಚಂದ ಕಂಡರೂ ಸದ್ಯಕ್ಕೆ ಬೇಡ. ಅದರಲ್ಲಿ ಡೆಕಲ್ (ನೀರಿನಲ್ಲಿ ಅದ್ದಿ ಅಂಟಿಸುವ ತೆಳ್ಳನೆಯ ಸ್ಟಿಕರ್) ಅಂಟಿಸುವುದೇ ಒಂದು ದೊಡ್ಡ ಕೆಲಸ.

ತಮಿಯಾದ 1966ರ ಫೋಕ್ಸ್‌ವಾಗನ್ ಬೀಟಲ್ ಕಿಟ್ ನನಗೆ ಭಾಳ ಇಷ್ಟ. ಇದೊಂದೇ ಕಾರಣ: ಮೈಯೆಲ್ಲ ಗುಂಡು. ಗುಂಡಗಿನ ಮೈಗೆ ಬಣ್ಣ ಸರಾಗ ಕೂರುತ್ತದೆ, ಚೂಪು ಅಂಚು ಕಡಿಮೆ. ಪಾಲಿಶ್ ಮಾಡುವಾಗ ಅಂಚಿನಲ್ಲಿ ಬಣ್ಣ ಕಿತ್ತು ಬರುವ ಭಯವೂ ಕಡಿಮೆ. ಕಟ್ಟಿದ ಮೇಲೆ ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಇದೇ ಅಳತೆಯಲ್ಲಿ ನಮ್ಮ ಅಂಬಾಸಿಡರ್ 18 ಸೆಂಟಿಮೀಟರ್, ಹಳೆಯ ಮಾರುತಿ 800 ಬರೀ 14 ಸೆಂಟಿಮೀಟರ್ ಆಗುತ್ತಿತ್ತು.

ಸಾಮಾನು ಎಲ್ಲಿ ಸಿಗುತ್ತದೆ

ಕಿಟ್ ಒಂದನ್ನು ಬಿಟ್ಟರೆ ಹೆಚ್ಚಿನದು ಊರಲ್ಲೇ ಸಿಗುತ್ತದೆ. ತುಂಡು ಬಿಡಿಸಲು ಸಣ್ಣ ಸೈಡ್ ಕಟರ್ ಬೇಕು. ಟಿವಿ, ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಒಂದು ಬದಿ ಸಪಾಟಾಗಿರುವುದನ್ನೇ ತೆಗೆದುಕೊಳ್ಳಿ. ಚಾಕು ಬೇಕಾದರೆ ಕಿಮ್ಸ್ ಆಸ್ಪತ್ರೆ ಸುತ್ತಮುತ್ತ ಸರ್ಜಿಕಲ್ ಸಾಮಾನಿನ ಅಂಗಡಿಗೆ ಹೋಗಿ, 3 ನಂಬರಿನ ಹಿಡಿಕೆ ಮತ್ತು 11 ನಂಬರಿನ ಬ್ಲೇಡ್ ಕೇಳಿ. ಪೇಪರ್ ಕಟರ್‌ಗಿಂತ ಎಷ್ಟೋ ಚಲೋ, ಬ್ಲೇಡ್ ಕೂಡ ದುಬಾರಿ ಅಲ್ಲ. ಹುಷಾರು ಮಾತ್ರ ಬೇಕೇ ಬೇಕು. ಅದು ಚರ್ಮ ಕತ್ತರಿಸಲೆಂದೇ ಮಾಡಿದ ಬ್ಲೇಡ್.

ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ಮರಳು ಕಾಗದ, ಕಾರ್ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ನಂಬರ್ ಏರಿದಷ್ಟೂ ನಯ. 400, 800, 1000, 1500, 2000, ಒಂದೊಂದು ಹಾಳೆ ಸಾಕು. ತುಂಡು ಮಾಡಿ ಹಿಂದೆ ನಂಬರ್ ಬರೆದಿಡಿ, ಆಮೇಲೆ ಎಲ್ಲ ಒಂದೇ ತರಹ ಕಾಣುತ್ತವೆ. ಚಿಮಟಾ ಒಂದು.

ಮಾಸ್ಕಿಂಗ್ ಟೇಪ್ ವಿಷಯದಲ್ಲಿ ನಮ್ಮ ಗ್ಯಾರೇಜ್ ಟೇಪ್ ಬರಕತ್ತಾಗುವುದಿಲ್ಲ. ಅದು ದಪ್ಪ, ಅಂಟು ಜಾಸ್ತಿ, ಅಂಚು ಒರಟು. ಮಾಡೆಲ್‌ಗೆಂದೇ ಬರುವ ತೆಳ್ಳಗಿನ ಹಳದಿ ಟೇಪ್ ಒಂದು ಸುರುಳಿ ಕಿಟ್ ಜೊತೆಗೇ ತರಿಸಿಬಿಡಿ. ಗ್ಯಾರೇಜ್ ಟೇಪೇ ಗತಿ ಅಂದರೆ ಗಾಜಿನ ಮೇಲೆ ಅಂಟಿಸಿ, ಸ್ಕೇಲ್ ಇಟ್ಟು ಬ್ಲೇಡಿನಿಂದ ಹೊಸ ಅಂಚು ಕತ್ತರಿಸಿಕೊಳ್ಳಿ.

ಅಂಟು ಮೂರು ಬಗೆ ಇಟ್ಟುಕೊಳ್ಳಿ. ಮೊದಲನೆಯದು ಪ್ಲಾಸ್ಟಿಕ್ ಸಿಮೆಂಟ್, ತಮಿಯಾದ ಹಸಿರು ಮುಚ್ಚಳದ ತೆಳ್ಳನೆಯದು. ಇದು ಫೆವಿಕಾಲ್ ತರಹ ಮಧ್ಯೆ ಕೂತು ಹಿಡಿಯುವ ಅಂಟಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಎರಡೂ ತುಂಡು ಜೋಡಿಸಿ ಹಿಡಿದು, ಸಂದಿಗೆ ಬ್ರಶ್ಶಿನ ತುದಿ ತಾಗಿಸಿದರೆ ಸಾಕು, ತಾನೇ ಒಳಗೆ ಓಡುತ್ತದೆ. ಆ ಸಂದಿನ ಮೇಲೆ ನಿಮ್ಮ ಬೆರಳು ಇರಬಾರದು. ಇದ್ದರೆ ಬೆರಳಚ್ಚು ಶಾಶ್ವತ. ಎಲ್ಲಾದರೂ ಒಂದು ಹನಿ ಚೆಲ್ಲಿದರೆ ಒರೆಸಬೇಡಿ. ಹಾಗೇ ಬಿಡಿ, ಆರಿಹೋಗುತ್ತದೆ, ಆಮೇಲೆ ಉಜ್ಜಿದರೆ ಆಯಿತು. ಎರಡನೆಯದು ಫೆವಿಕ್ವಿಕ್, ಲೋಹದ ತುಂಡು ಇದ್ದರೆ ಮಾತ್ರ. ಮೂರನೆಯದು ಸಾದಾ ಬಿಳಿ ಫೆವಿಕಾಲ್, ಗಾಜಿಗೆ. ಗಾಜಿಗೆ ಫೆವಿಕ್ವಿಕ್ ಮುಟ್ಟಿಸಿದಿರೋ, ಅದರ ಆವಿಗೇ ಇಡೀ ಕಿಟಕಿ ಬೆಳ್ಳಗೆ ಮಂಜು ಹಿಡಿಯುತ್ತದೆ.

ಬಾಡಿ ಮೊದಲು, ಉಳಿದದ್ದು ಆಮೇಲೆ

ಡಬ್ಬಿಯ ಹಾಳೆ ಎಂಜಿನ್, ಚಾಸಿಯಿಂದ ಶುರು ಮಾಡುತ್ತದೆ. ಅದನ್ನು ಕೇಳಬೇಡಿ. ಬಾಡಿಯಿಂದಲೇ ಶುರು ಮಾಡಿ. ಬಣ್ಣ ಆರಲು ವಾರಗಟ್ಟಲೆ ಬೇಕು. ಆ ಹೊತ್ತಿನಲ್ಲಿ ಚಾಸಿ, ಸೀಟು, ಚಕ್ರ ಎಲ್ಲ ಮುಗಿಸಬಹುದು. ಕೊನೆಗೆ ಬಾಡಿ ಮಾಡಿದರೆ ಕೈ ತಡೆಯುವುದಿಲ್ಲ, ಹಸಿ ಬಣ್ಣದ ಮೇಲೆಯೇ ಜೋಡಿಸಿ ಬೆರಳಚ್ಚು ಒತ್ತುತ್ತೀರಿ.

ಮೊದಲು ಎಲ್ಲ ತುಂಡುಗಳನ್ನೂ, ಅವು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಫ್ರೇಮ್ ಸಮೇತ, ಉಗುರು ಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಿರಿ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಫ್ಯಾಕ್ಟರಿಯಲ್ಲಿ ಬಳಸುವ ಜಿಡ್ಡು ಮೇಲೆ ಉಳಿದಿರುತ್ತದೆ. ಆ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ತೊಳೆಯುವಾಗ ಸಿಂಕಿನ ಬಾಯಿಗೆ ಜಾಲರಿ ಇಡಿ. ಸೈಡ್ ಮಿರರ್ ಒಂದು ಗಟಾರ ಸೇರಿದರೆ ಅದಕ್ಕೆ ಬದಲಿ ಸಿಗುವುದಿಲ್ಲ.

ಬಾಡಿಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಮಡ್‌ಗಾರ್ಡ್ ಮೇಲಿಂದ ಹಾದು, ಕಿಟಕಿಯ ಕಂಬ ಹತ್ತಿ, ಹಿಂದಿನವರೆಗೆ ಒಂದು ಸಣ್ಣ ಉಬ್ಬು ಗೆರೆ ಕಾಣುತ್ತದೆ. ಅಚ್ಚಿನ ಎರಡು ಭಾಗ ಕೂಡುವ ಜಾಗ ಅದು. ನಿಜವಾದ ಕಾರಿನಲ್ಲಿ ಅಂಥ ಗೆರೆ ಇಲ್ಲ. ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಹೆರೆದು, 800ರ ಪೇಪರಿಗೆ ನೀರು ಹಚ್ಚಿ ಉಜ್ಜಿ, ಆಮೇಲೆ 1000. ಅಕ್ಷರ, ಲಾಂಛನ ಇರುವ ಜಾಗ ತಪ್ಪಿಸಿ. ಒಂದು ಸಲ ಉಜ್ಜಿಹೋದ ಲಾಂಛನ ಮತ್ತೆ ಬರುವುದಿಲ್ಲ.

ತಗ್ಗು ಇದ್ದರೆ ಕಾರ್ ಪೇಂಟ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ನಡೆಯುತ್ತದೆ. ಆದರೆ ಅದರಲ್ಲಿರುವ ಥಿನ್ನರ್ ಪ್ಲಾಸ್ಟಿಕ್ ಮೆತ್ತಗೆ ಮಾಡುತ್ತದೆ. ದಪ್ಪ ಹಚ್ಚಿದರೆ ಕೆಳಗಿನ ಪ್ಲಾಸ್ಟಿಕ್ಕೇ ಕುಸಿಯಬಹುದು. ತೆಳ್ಳಗೆ ಒಂದು ಪದರ, ಒಂದು ದಿನ ಬಿಡಿ. ಒಣಗುವಾಗ ಅದು ಕುಗ್ಗುತ್ತದೆ, ಆಗ ಇನ್ನೊಂದು ಪದರ. ಅವಸರದಲ್ಲಿ ಅದೇ ದಿನ ಉಜ್ಜಿದರೆ ವಾರದ ಮೇಲೆ ಬಣ್ಣದ ಕೆಳಗೆ ಅದೇ ತಗ್ಗು ಮತ್ತೆ ಮೂಡುತ್ತದೆ.

ಇನ್ನೊಂದು ಕೆಲಸ ಬಹಳ ಮಂದಿ ಬಿಡುತ್ತಾರೆ. ಬಾಗಿಲು, ಬಾನೆಟ್, ಡಿಕ್ಕಿಯ ಸಂದಿನ ಗೆರೆಗಳನ್ನು ಬಣ್ಣಕ್ಕೆ ಮೊದಲೇ ಸ್ವಲ್ಪ ಆಳ ಮಾಡಿ. ಬ್ಲೇಡಿನ ಬೆನ್ನು ಇಟ್ಟು, ಒತ್ತದೆ, ಅದೇ ಗೆರೆಯಲ್ಲಿ ನಾಲ್ಕೈದು ಸಲ ಎಳೆದರೆ ಸಾಕು. ಮುಂದೆ ಬರುವ ಐದಾರು ಕೋಟಿನಲ್ಲಿ ಈ ಗೆರೆಗಳು ತುಂಬುತ್ತಾ ಹೋಗುತ್ತವೆ, ಅದಕ್ಕೆ ಈಗಲೇ ಜಾಗ ಮಾಡಿಟ್ಟ ಹಾಗೆ. ಅದಾದ ಮೇಲೆ ಚಾಸಿಯನ್ನು ಬಾಡಿಯೊಳಗೆ ಟೇಪ್ ಹಚ್ಚಿ ಕೂರಿಸಿ ನೋಡಿ. ಬಿಗಿ ಇದ್ದರೆ ಈಗಲೇ ಉಜ್ಜಿ ಸರಿ ಮಾಡಿ.

ಥಿನ್ನರ್ ಮತ್ತು ಪ್ಲಾಸ್ಟಿಕ್ಕಿನ ಜಗಳ

ನಮ್ಮ ಗ್ಯಾರೇಜಿನ ಹುಡುಗರೂ ಎಡವುವ ಜಾಗ ಇದು. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಕಾರಿನ ತಗಡಿಗೆ ಎನ್‌ಸಿ ಥಿನ್ನರ್ ಏನೂ ಮಾಡುವುದಿಲ್ಲ, ಆದರೆ ಪಾಲಿಸ್ಟೈರೀನನ್ನು ತಿನ್ನುತ್ತದೆ. ಬರೀ ಪ್ಲಾಸ್ಟಿಕ್ ಮೇಲೆ ಹಸಿ ಕೋಟ್ ಹೊಡೆದರೆ ಮೈಯೆಲ್ಲ ಸಣ್ಣ ಸಣ್ಣ ಬಿರುಕು ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ ಟಚಪ್ ಸ್ಪ್ರೇ ಡಬ್ಬಿಗಳೂ ಹೀಗೇ ಬಿಸಿ, ಅಂದರೆ ಪ್ಲಾಸ್ಟಿಕ್ ತಿನ್ನುವಂಥವು. ಬಳಸಲೇಬಾರದು ಅಂತಲ್ಲ. ಮೊದಲು ಮಾಡೆಲ್‌ನ ಪ್ರೈಮರ್ ಹೊಡೆದು, ಅದು ಪೂರ್ತಿ ಆರಿದ ಮೇಲೆ, ದೂರದಿಂದ ಮಂಜಿನಷ್ಟು ತೆಳ್ಳಗೆ ಎರಡು ಮೂರು ಸಲ ಹಾಯಿಸಿ, ಆಮೇಲೆ ಕೋಟ್ ಕೊಡಬೇಕು.

ಹೊಸ ಬಣ್ಣ ಯಾವುದೇ ಇರಲಿ, ಕಾರಿನ ಮೇಲೆ ಪರೀಕ್ಷೆ ಮಾಡಬೇಡಿ. ಮನೆಯಲ್ಲಿ ಹಳೆಯ ಸಿಡಿಗಳಿರುತ್ತವೆ ಅಲ್ವಾ, ಭಜನೆ, ನಾಟಕದ ಹಾಡು, ಜಾನಪದ? ಅವುಗಳ ಗಟ್ಟಿ ಪಾರದರ್ಶಕ ಡಬ್ಬಿಯೂ ಪಾಲಿಸ್ಟೈರೀನ್. ಅದರ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲವನ್ನೂ ಅದೇ ಕ್ರಮದಲ್ಲಿ ಹೊಡೆದು ನೋಡಿ. ಅಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಒಂದರ ಮೇಲೊಂದು ಹೊಡೆಯುವ ಕ್ರಮವೂ ಗ್ಯಾರೇಜಿನದೇ. ಲ್ಯಾಕರ್ (ಥಿನ್ನರ್ ಆರಿ ಬೇಗ ಒಣಗುವ ಬಣ್ಣ) ಮೇಲೆ ಎನಾಮೆಲ್ (ನಿಧಾನ ಒಣಗುವ ಎಣ್ಣೆ ಬಣ್ಣ) ಅಥವಾ ಅಕ್ರಿಲಿಕ್ (ನೀರಿನಲ್ಲಿ ಬೆರೆಯುವ ಬಣ್ಣ) ನಡೆಯುತ್ತದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನದು ಸುಕ್ಕುಗಟ್ಟಿ ಎದ್ದು ಬರುತ್ತದೆ. ಗೊಂದಲ ಬೇಡ ಅಂದರೆ ಪ್ರೈಮರಿನಿಂದ ಕ್ಲಿಯರ್‌ವರೆಗೆ ಒಂದೇ ಕಂಪನಿಯ ಒಂದೇ ಜಾತಿಯ ಬಣ್ಣ ಬಳಸಿ.

ಪ್ರೈಮರಿನ ಬಣ್ಣವೂ ಮುಖ್ಯ. ಕೆಂಪು, ಹಳದಿ ಕಾರಿಗೆ ಬಿಳಿ ಪ್ರೈಮರ್ ಹೊಡೆಯಿರಿ. ಬೂದು ಪ್ರೈಮರ್ ಮೇಲೆ ಹಳದಿ ಏರಲು ಎಂಟು ಕೋಟ್ ಬೇಕಾಗುತ್ತದೆ, ತೆಳ್ಳಗಿಡುವ ಮಾತು ಅಲ್ಲಿಗೆ ಮುಗಿಯಿತು. ನೀಲಿ, ಹಸಿರು, ಕಪ್ಪಿಗೆ ಬೂದು ಆಗುತ್ತದೆ. ಕಿಟ್ಟಿನ ಪ್ಲಾಸ್ಟಿಕ್ಕೇ ಕೆಂಪು ಇದ್ದು ನಿಮಗೆ ಬಿಳಿ ಕಾರು ಬೇಕಾದರೆ, ಕೆಂಪು ಮೇಲೆ ಇಣುಕಿ ಎಲ್ಲ ಗುಲಾಬಿ ಆಗುತ್ತದೆ. ಮಧ್ಯೆ ಒಂದು ಪದರ ಬೆಳ್ಳಿ ಬಣ್ಣ ಹೊಡೆದರೆ ತಡೆಯುತ್ತದೆ.

ಮೆಟಾಲಿಕ್ ಬಣ್ಣ ಬೇಕು ಅನ್ನುವವರಿಗೆ ಒಂದು ಮಾತು. ಗಿರಾಕಿಯ ಕಾರಿಗೆ ಮಿಕ್ಸ್ ಮಾಡಿದ ಮೆಟಾಲಿಕ್ ಉಳಿದಿರುತ್ತದೆ, ಅದನ್ನೇ ಮಾಡೆಲ್‌ಗೆ ಹೊಡೆಯೋಣ ಅನಿಸುತ್ತದೆ. ಬೇಡ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳ ಗಾತ್ರ ದೊಡ್ಡ ಕಾರಿಗೆ ಸರಿ, ಇಲ್ಲಿ ಗಾಜಿನ ಪುಡಿ ಎರಚಿದಂತೆ ಕಾಣುತ್ತದೆ. ಮಾಡೆಲ್‌ಗೆಂದು ಮಾಡಿದ ಬಣ್ಣದಲ್ಲಿ ಚೂರು ಬಹಳ ಸಣ್ಣವು. ಸಾದಾ ಬಣ್ಣದಲ್ಲೂ ನನಗೆ ಒಂದು ಅಭಿಪ್ರಾಯವಿದೆ. ಕಂಪನಿಯ ಕೋಡ್ ನೋಡಿ ಪಕ್ಕಾ ಅದೇ ಬಣ್ಣ ಹೊಡೆದರೂ ಸಣ್ಣ ಕಾರಿನ ಮೇಲೆ ಅದು ಒಂದು ಪಾಲು ಕಪ್ಪಾಗಿ ಕಾಣುತ್ತದೆ. ಕಡು ಬಣ್ಣಕ್ಕೆ ಎರಡು ಹನಿ ಬಿಳಿ ಬೆರೆಸುವುದು ನನ್ನ ಪದ್ಧತಿ. ಇದನ್ನು ಒಪ್ಪದವರೂ ಇದ್ದಾರೆ, ಅವರ ಕಾರು ಅವರಿಷ್ಟ.

ಹುಬ್ಬಳ್ಳಿ-ಧಾರವಾಡದ ಹವೆಯಲ್ಲಿ ಸ್ಪ್ರೇ

ಬಣ್ಣದ ಡಬ್ಬಿಯ ಮೇಲೆ ಬರೆದ ಸೂಚನೆ ಜಪಾನಿನ ಹವೆಗೆ ಬರೆದದ್ದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಜಿಟಿಜಿಟಿ ಮಳೆ ನಿಲ್ಲುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ಮಳೆ ಸ್ವಲ್ಪ ಕಡಿಮೆ, ಆದರೂ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಆಗ ಲ್ಯಾಕರ್ ಹೊಡೆದರೆ ಬೆಳ್ಳಗೆ ಮಬ್ಬು ಹಿಡಿಯುತ್ತದೆ. ಥಿನ್ನರ್ ಜೋರಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿರುವ ನೀರು ಹಸಿ ಬಣ್ಣದ ಮೇಲೆ ಕೂರುತ್ತದೆ. ಅದೇ ಆ ಮಬ್ಬು. ಗ್ಯಾರೇಜಿನಲ್ಲಿ ಇದಕ್ಕೆ ರಿಟಾರ್ಡರ್ ಹಾಕುತ್ತೇವೆ, ಅದು ಒಣಗುವುದನ್ನು ನಿಧಾನ ಮಾಡುತ್ತದೆ. ಮನೆಯಲ್ಲಿ ಸ್ಪ್ರೇ ಡಬ್ಬಿ ಹಿಡಿದವರಿಗೆ ಆ ಉಪಾಯ ಇಲ್ಲ. ಮಳೆ ಬಿದ್ದ ದಿನ ಚಾಸಿ ಕೆಲಸ ಮಾಡಿ, ಬಾಡಿ ಮುಟ್ಟಬೇಡಿ.

ಏಪ್ರಿಲ್, ಮೇನಲ್ಲಿ ತೊಂದರೆ ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಮುಟ್ಟಿದರೆ ಮರಳು ಮರಳು. ಸಂಜೆ ಗಾಳಿ ಎದ್ದರೆ ಧೂಳು ಬೇರೆ. ಮುಂಜಾನೆ ಏಳು ಎಂಟರ ಹೊತ್ತು ಮಾತ್ರ ಆ ತಿಂಗಳುಗಳಲ್ಲಿ ನಂಬಿಕಸ್ತ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಚಿಂತೆಯೇ ಇಲ್ಲ. ಥಂಡಿ ಮುಂಜಾನೆ ಇಬ್ಬನಿ ಹೋದ ಮೇಲೆ ಶುರು ಮಾಡಿ.

ಧೂಳಿಗೆ ಬಚ್ಚಲುಮನೆ ಚಲೋ ಜಾಗ. ನೆಲಕ್ಕೆ, ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ, ಅರ್ಧ ಗಂಟೆ ಬಿಟ್ಟರೆ ತೇಲುವ ಧೂಳು ಕೂರುತ್ತದೆ. ಮಳೆಗಾಲದಲ್ಲಿ ಮಾತ್ರ ಇದು ಬೇಡ. ಅಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಪೂರ್ತಿ ಬಂದ್ ಮಾಡದೆ ಸ್ಪ್ರೇ ಒತ್ತಲೇಬೇಡಿ. ಥಿನ್ನರ್ ಆವಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಕಿಟಕಿ ತೆರೆದಿರಲಿ. ಮೂಗಿಗೆ ಕರವಸ್ತ್ರ ಕಟ್ಟಿದರೆ ಧೂಳು ತಡೆಯಬಹುದು, ಆವಿ ತಡೆಯುವುದಿಲ್ಲ. ಕಾರ್ಟ್ರಿಜ್ ಇರುವ ಪೇಂಟರ್ ಮಾಸ್ಕ್ ಕೊಳ್ಳಿ. ನಮ್ಮ ಕಸುಬಿನಲ್ಲಿ ಮಾಸ್ಕ್ ಹಾಕದೆ ವಯಸ್ಸು ಕಳೆದವರ ಕೆಮ್ಮು ಕೇಳಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಕ್ಕಳು ಮಾಡುವುದಾದರೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ, ಬ್ರಶ್. ಸ್ಪ್ರೇ ದೊಡ್ಡವರ ಕೈಯಲ್ಲಿರಲಿ.

ಬಾಡಿಯನ್ನು ಒಣ ಬಟ್ಟೆಯಿಂದ ಒರೆಸಬೇಡಿ. ಪಾಲಿಸ್ಟೈರೀನ್ ಉಜ್ಜಿದಷ್ಟೂ ಕರೆಂಟು ಹಿಡಿದು ಧೂಳನ್ನು ಎಳೆಯುತ್ತದೆ. ಸ್ವಲ್ಪ ತೇವದ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಒಂದು ಸಣ್ಣ ನೀರಿನ ಬಾಟಲಿಗೆ ಟೇಪ್ ಸುತ್ತಿ ಅದರ ಮೇಲೆ ಬಾಡಿ ಬಿಗಿಯಾಗಿ ಕೂರಿಸಿದರೆ ಹಿಡಿಕೆ ಆಯಿತು.

ಸ್ಪ್ರೇ ಡಬ್ಬಿಯನ್ನು ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ. ಒಳಗಿನ ಒತ್ತಡ ಸ್ವಲ್ಪ ಏರಿ ಬಣ್ಣ ಸಣ್ಣ ಹನಿಯಾಗಿ ಬರುತ್ತದೆ. ಕುದಿಯುವ ನೀರು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಚೆನ್ನಾಗಿ ಅಲ್ಲಾಡಿಸಿ. 20ರಿಂದ 25 ಸೆಂಟಿಮೀಟರ್ ದೂರ. ಬಾಡಿಯ ಹೊರಗೆ ಗುಂಡಿ ಒತ್ತಿ, ಒಂದೇ ವೇಗದಲ್ಲಿ ಹಾಯಿಸಿ, ಇನ್ನೊಂದು ಕಡೆ ಹೊರಗೆ ಹೋದ ಮೇಲೆ ಬಿಡಿ. ಬಾಡಿಯ ಮೇಲೆಯೇ ಒತ್ತಿದರೆ ಮೊದಲ ದಪ್ಪ ಹನಿಗಳು ಅಲ್ಲೇ ಬೀಳುತ್ತವೆ. ಮೊದಲ ಕೋಟ್ ನೋಡಿದರೆ ಪ್ರೈಮರ್ ಇನ್ನೂ ಕಾಣುತ್ತಿರಬೇಕು. ಇಲ್ಲಿಯೇ ಪೇಂಟರ್ ಕೈಗೆ ತುರಿಕೆ. ಒಂದೇ ಸಲಕ್ಕೆ ಮುಚ್ಚಿಬಿಡೋಣ ಅನಿಸುತ್ತದೆ. ತಡೆಯಿರಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಬಿಟ್ಟು ಮೂರನೆಯದು. ಕೊನೆಯದು ಮಾತ್ರ ಸ್ವಲ್ಪ ಹಸಿ, ಹೊಳಪು ಬರುವಷ್ಟು. ಕೂಡಲೇ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ ಮುಚ್ಚಿ. ತೆಗೆದು ನೋಡುವ ಆಸೆ ಬೆಳಗಿನವರೆಗೆ ಬಿಡಿ.

ಏರ್‌ಬ್ರಶ್ (ಪೆನ್ನಿನ ಹಾಗೆ ಹಿಡಿಯುವ ಸಣ್ಣ ಸ್ಪ್ರೇ ಗನ್) ಇದ್ದರೆ ಹಿಡಿತ ಇನ್ನೂ ಚಲೋ. ನಮ್ಮ ಗ್ಯಾರೇಜ್ ಗನ್ನಿನ ನಾಝಲ್ 1.3, 1.4 ಮಿಲಿಮೀಟರ್ ಇರುತ್ತದೆ. ಏರ್‌ಬ್ರಶ್ಶಿನದು 0.3. ಗಾಳಿಯ ಒತ್ತಡ 15ರಿಂದ 20 ಪಿಎಸ್ಐ ಸಾಕು. ಬಣ್ಣದ ಹದಕ್ಕೆ ಅಳತೆ ಹುಡುಕಬೇಡಿ. ತೆಳು ಮಾಡಿದ ಬಣ್ಣವನ್ನು ಬಟ್ಟಲಿನ ಗೋಡೆ ಮೇಲೆ ಹರಿಸಿದರೆ, ತೆಳ್ಳಗೆ ಒಂದು ಪದರ ಉಳಿಸಿ ಸರಾಗ ಕೆಳಗಿಳಿಯಬೇಕು.

ಬಣ್ಣ ಸೋರಿದರೆ ಮುಟ್ಟಬೇಡಿ, ಒರೆಸಬೇಡಿ. ಪೂರ್ತಿ ಆರಲಿ, 1500 ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಮತ್ತೊಂದು ತೆಳು ಕೋಟ್. ಎಲ್ಲವೂ ಕೆಟ್ಟರೆ ಬ್ರೇಕ್ ಆಯಿಲ್ ಇದೆ. ದೊಡ್ಡ ಕಾರಿನ ಬಾನೆಟ್ ಮೇಲೆ ಒಂದು ಹನಿ ಬ್ರೇಕ್ ಆಯಿಲ್ ಬಿದ್ದರೆ ನಾವು ಬಾಯಿ ಬಡಿದುಕೊಳ್ಳುತ್ತೇವೆ, ಬಣ್ಣ ಎತ್ತಿಬಿಡುತ್ತದೆ. ಇಲ್ಲಿ ಅದೇ ಗುಣ ಉಪಯೋಗಕ್ಕೆ ಬರುತ್ತದೆ. ಬಾಡಿಯನ್ನು ಅದರಲ್ಲಿ ಮುಳುಗಿಸಿಟ್ಟರೆ ಎನಾಮೆಲ್, ಅಕ್ರಿಲಿಕ್ ಬಿಟ್ಟುಬರುತ್ತದೆ, ಪಾಲಿಸ್ಟೈರೀನ್‌ಗೆ ಏನೂ ಆಗುವುದಿಲ್ಲ. ಲ್ಯಾಕರ್ ಮಾತ್ರ ಹಟಮಾರಿ. ಕೈಗೆ ಗ್ಲೌಸ್ ಹಾಕಿ, ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ.

ಕ್ಲಿಯರ್, ಪಾಲಿಶ್

ಡೆಕಲ್ ಇದ್ದರೆ ಕ್ಲಿಯರ್‌ಗೆ ಮೊದಲೇ ಅಂಟಿಸಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಮಗಳದು. "ಅಪ್ಪಾ, ನಿನ್ನ ಕೈ ಭಾಳ ದಪ್ಪ" ಅನ್ನುತ್ತಾಳೆ, ನಿಜವೇ. ಕತ್ತರಿಸಿದ ಡೆಕಲನ್ನು ನೀರಿನಲ್ಲಿ ಅದ್ದಿ ತೆಗೆದು, ಅರ್ಧ ನಿಮಿಷ ಬಿಟ್ಟು, ಕಾಗದದಿಂದ ಜಾರಿಸಿ ಕೂರಿಸುತ್ತಾಳೆ. ಕೆಳಗಿನ ನೀರನ್ನು ಹತ್ತಿಯ ಕಡ್ಡಿಯಿಂದ ಮಧ್ಯದಿಂದ ಹೊರಗೆ ಒತ್ತಿ ತೆಗೆಯಬೇಕು. ಒಂದು ರಾತ್ರಿ ಆರಲಿ. ಡೆಕಲ್ ಮೇಲೆ ಕ್ಲಿಯರಿನ ಮೊದಲ ಎರಡು ಕೋಟ್ ಮಂಜಿನಷ್ಟೇ ಇರಲಿ, ಹಸಿ ಹೊಡೆದರೆ ಡೆಕಲ್ ಕರಗುತ್ತದೆ.

ಗ್ಯಾರೇಜಿನ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಗಟ್ಟಿ ಮಾಡುವ ಬಗೆ) ಹೊಡೆದರೆ ಹೊಳಪು ಅದ್ಭುತವಾಗಿ ಬರುತ್ತದೆ, ನಿಜ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಮನೆಯಲ್ಲಿ ಅದನ್ನು ಮುಟ್ಟಬೇಡಿ. ಮಾಡೆಲ್‌ನ ಸಾದಾ ಕ್ಲಿಯರ್ ಮೂರು ಕೋಟ್ ಹೊಡೆದು ಪಾಲಿಶ್ ಮಾಡಿದರೆ ಸಾಕು.

ಬಣ್ಣ ಆರಿತೋ ಇಲ್ಲವೋ ಎಂದು ಮುಟ್ಟಿ ನೋಡಬಾರದು, ಮೂಸಿ ನೋಡಬೇಕು. ಮೂಗಿನ ಹತ್ತಿರ ಹಿಡಿದಾಗ ವಾಸನೆ ಬಂದರೆ ಇನ್ನೂ ಥಿನ್ನರ್ ಹೊರಬರುತ್ತಿದೆ ಎಂದರ್ಥ. ವಾಸನೆ ಪೂರ್ತಿ ನಿಂತ ಮೇಲೆ 2000 ಪೇಪರಿಗೆ ನೀರು, ಒಂದು ಹನಿ ಸೋಪು ಹಾಕಿ, ಧೂಳಿನ ಕಣ ಇದ್ದ ಕಡೆ ಮಾತ್ರ ಮೆಲ್ಲಗೆ ಉಜ್ಜಿ. ಆಮೇಲೆ ಕಾರಿಗೆ ಬಳಸುವ ನಯವಾದ ಪಾಲಿಶ್ ಕಂಪೌಂಡ್, ಮೆತ್ತನೆಯ ಹತ್ತಿ ಬಟ್ಟೆ. ಒರಟು ರಬ್ಬಿಂಗ್ ಕಂಪೌಂಡ್ ಇಲ್ಲಿಗೆ ಸಲ್ಲ. ಬಫಿಂಗ್ ಮಷಿನ್ ಹೆಸರೂ ಎತ್ತಬೇಡಿ. ಅಂಚುಗಳಿಗೆ ಪಾಲಿಶ್‌ಗೆ ಮೊದಲು ಟೇಪ್ ಹಚ್ಚಿಡಿ. ಬಣ್ಣ ಎಲ್ಲಕ್ಕಿಂತ ತೆಳ್ಳಗಿರುವುದು ಅಲ್ಲೇ.

ಚಾಸಿ, ಸೀಟು, ಚಕ್ರ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಹಾಳೆ ನೋಡಿ ಮಾಡಿದರೆ ಆಗುತ್ತದೆ. ಒಂದೇ ಮಾತು, ಎಲ್ಲ ಕಪ್ಪನ್ನೂ ಒಂದೇ ಕಪ್ಪು ಮಾಡಬೇಡಿ. ಕಾರಿನ ಕೆಳಗೆ ಮಲಗಿ ಕೆಲಸ ಮಾಡಿದವರಿಗೆ ಗೊತ್ತು, ಅಲ್ಲಿ ಎಷ್ಟು ಬಗೆಯ ಕಪ್ಪು ಇದೆ. ಚಾಸಿಗೆ ಮಂದ ಕಪ್ಪು, ಸಸ್ಪೆನ್ಷನ್ನಿಗೆ ಅರೆಹೊಳಪಿನ ಕಪ್ಪು, ಟೈರಿಗೆ ಕಡು ಬೂದು. ಗೇರ್‌ಬಾಕ್ಸಿಗೆ ಮಂಕು ಅಲ್ಯೂಮಿನಿಯಂ. ಸೈಲೆನ್ಸರಿಗೆ ಬೆಳ್ಳಿಯ ಮೇಲೆ ಕಂದು ಬಣ್ಣ ಅಲ್ಲಲ್ಲಿ ತಾಗಿಸಿ. ರೆಕ್ಸಿನ್ ಸೀಟಿಗೆ ಅರೆಹೊಳಪು, ಬಟ್ಟೆ ಸೀಟಿಗೆ ಹೊಳಪೇ ಬೇಡ. ಟೈರಿನ ಮೇಲ್ಮೈಯನ್ನು 400 ಪೇಪರಿನಿಂದ ಎರಡು ಸುತ್ತು ಉಜ್ಜಿದರೆ ಅಚ್ಚಿನ ಗೆರೆಯೂ ಹೋಗುತ್ತದೆ, ರೋಡಿನಲ್ಲಿ ಓಡಿದ ಟೈರೂ ಆಗುತ್ತದೆ. ಅಂಟು ಹಾಕುವ ಕಡೆಯೆಲ್ಲ ಬಣ್ಣ ಹೆರೆದು ತೆಗೆಯಿರಿ, ಸಿಮೆಂಟಿಗೆ ಬರೀ ಪ್ಲಾಸ್ಟಿಕ್ ಬೇಕು.

ಗಾಜು ಮತ್ತು ಕ್ರೋಮ್

ಕ್ರೋಮ್ ತುಂಡುಗಳು ಫ್ರೇಮಿನಲ್ಲೇ ಹೊಳೆಯುತ್ತ ಬರುತ್ತವೆ. ಕತ್ತರಿಸಿದ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕಾಣುತ್ತದೆ, ಅಲ್ಲಿಗೆ ಕ್ರೋಮ್ ಪೆನ್ ತಾಗಿಸಿ. ಹೊಳಪು ಆಟಿಕೆಯ ಹಾಗೆ ಅತಿಯಾಯಿತು ಅನಿಸಿದರೆ ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ನೆನೆಹಾಕಿ, ಕ್ರೋಮ್ ಬಿಟ್ಟುಹೋಗುತ್ತದೆ, ನಿಮ್ಮ ಬಣ್ಣ ಹಚ್ಚಬಹುದು. ಗ್ರಿಲ್ಲಿನ ಸಂದುಗಳಿಗೆ ತೀರಾ ತೆಳು ಮಾಡಿದ ಕಪ್ಪು ಬಣ್ಣ ಹರಿಸಿ, ಮೇಲಿನದನ್ನು ಒರೆಸಿದರೆ ಆಳ ಬರುತ್ತದೆ.

ಕಿಟಕಿಯ ಸುತ್ತಲಿನ ರಬ್ಬರ್ ಅರೆಹೊಳಪಿನ ಕಪ್ಪು. ಟೇಪ್ ಹಚ್ಚಿ ಬ್ಲೇಡಿನಿಂದ ಗೆರೆ ಕತ್ತರಿಸಿ ಹೊಡೆಯಿರಿ, ಬಣ್ಣ ಪೂರ್ತಿ ಆರುವ ಮೊದಲೇ ಟೇಪ್ ಓರೆಯಾಗಿ ಹಿಂದಕ್ಕೆ ಎಳೆಯಿರಿ. ಹಿಂದಿನ ಲೈಟಿನ ಒಳಗೆ ಮೊದಲು ಬೆಳ್ಳಿ ಬಣ್ಣ, ಅದರ ಮೇಲೆ ಪಾರದರ್ಶಕ ಕೆಂಪು. ಗಾಜು ಕೂರಿಸಲು ಚಿಮಟಾ, ಕಡ್ಡಿಯ ತುದಿಯಲ್ಲಿ ಫೆವಿಕಾಲ್. ಉಳಿದದ್ದನ್ನು ತೇವದ ಹತ್ತಿಯಿಂದ ಒರೆಸಬಹುದು.

ಏರಿಯಲ್ ಬೇಕಾದರೆ ಉಳಿದ ಫ್ರೇಮಿನ ಒಂದು ತುಂಡನ್ನು ಮೇಣದಬತ್ತಿಯ ಮೇಲೆ, ಬೆಂಕಿಗೆ ತಾಗದಂತೆ ತಿರುಗಿಸುತ್ತ ಬಿಸಿ ಮಾಡಿ. ಮಧ್ಯೆ ಮೆತ್ತಗಾಗಿ ಬಾಗಲು ಶುರುವಾದ ಕೂಡಲೇ ಬೆಂಕಿಯಿಂದ ದೂರ ತಂದು ಎರಡೂ ತುದಿ ಎಳೆಯಿರಿ. ಜೋರಾಗಿ ಎಳೆದರೆ ಕೂದಲಿನಷ್ಟು ತೆಳ್ಳಗೆ, ಮೆಲ್ಲಗೆ ಎಳೆದರೆ ದಪ್ಪಗೆ ಬರುತ್ತದೆ. ಹತ್ತಿರದಲ್ಲಿ ಥಿನ್ನರ್ ಡಬ್ಬಿ ಇರಬಾರದು ಎಂದು ಬೇರೆ ಹೇಳಬೇಕಿಲ್ಲ.

ನಂಬರ್ ಪ್ಲೇಟ್

ಕಿಟ್ಟಿನಲ್ಲಿ ಬರುವುದು ಜಪಾನ್ ಅಥವಾ ಜರ್ಮನಿಯ ಪ್ಲೇಟ್. ನಮ್ಮ ಪ್ಲೇಟ್ ಹಾಕಬೇಕಲ್ಲ. ಕಾರಿನ ಉದ್ದನೆಯ ಪ್ಲೇಟ್ 500ಕ್ಕೆ 120 ಮಿಲಿಮೀಟರ್ ಇರುತ್ತದೆ. 24ರಿಂದ ಭಾಗಿಸಿದರೆ 21ಕ್ಕೆ 5 ಮಿಲಿಮೀಟರ್. ಹಿಂದೆ ಗಿಡ್ಡ ಪ್ಲೇಟ್ ಬೇಕಾದರೆ 340ಕ್ಕೆ 200, ಅಂದರೆ ಇಲ್ಲಿ 14ಕ್ಕೆ 8. ಕಂಪ್ಯೂಟರಿನಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರ ಮಾಡಿ, ಒಂದೇ ಫೋಟೋ ಹಾಳೆಯಲ್ಲಿ ಹತ್ತಿಪ್ಪತ್ತು ಜೋಡಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ಅಳತೆ ಬದಲಿಸದೆ ಪ್ರಿಂಟ್ ಮಾಡಲು ಹೇಳಿ, ಇಲ್ಲವಾದರೆ ಅವರು ಹಾಳೆ ತುಂಬುವಂತೆ ಹಿಗ್ಗಿಸಿಬಿಡುತ್ತಾರೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣದಂತೆ ಕಪ್ಪು ಸ್ಕೆಚ್ ಪೆನ್ ತಾಗಿಸಿ, ಫೆವಿಕಾಲ್‌ನಲ್ಲಿ ಅಂಟಿಸಿ. ಧಾರವಾಡಕ್ಕೆ ಕೆಎ 25, ಹುಬ್ಬಳ್ಳಿಗೆ 63, ಗದಗಿಗೆ 26, ಹಾವೇರಿಗೆ 27. ಹುಬ್ಬಳ್ಳಿಯ ಹಳೆಯ ಕಾರು ಮಾಡುತ್ತಿದ್ದರೆ 25ನ್ನೇ ಹಾಕಿ, 63 ಬಂದದ್ದು ಆಮೇಲೆ. ಕಾರು ನೋಡಲು ಬಂದವರು ಬಣ್ಣಕ್ಕಿಂತ ಮೊದಲು ಓದುವುದು ಅದನ್ನೇ.